ರೇಖಾಗಣಿತವನ್ನು ಕಣ್ಣಿಗೆ ಕಾಣುವಂತೆ ಕಲಿಸುವುದು ಹೇಗೆ? ಕಾಸರಗೋಡಿನ ಕನ್ನಡ ತರಗತಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಬೋರ್ಡಿನ ಮೇಲೆ ಒಂದು ಚೌಕ ಬರೆಯಿರಿ. ನೇರವಾಗಿ ಬೇಡ, ಒಂದು ಮೂಲೆ ಕೆಳಗೆ ಬರುವ ಹಾಗೆ ಓರೆಯಾಗಿ ಬರೆಯಿರಿ. 5ನೆಯದೋ 6ನೆಯದೋ ತರಗತಿಯ ಮಕ್ಕಳಿಗೆ ತೋರಿಸಿ, ಇದೇನು ಅಂತ ಕೇಳಿ. ‘ಡೈಮಂಡ್’ ಅನ್ನುವವರೇ ಜಾಸ್ತಿ. ಅದೇ ಚಿತ್ರವನ್ನು ಕಾಗದದಲ್ಲಿ ಬರೆದು ಕಾಗದವನ್ನು ತಿರುಗಿಸಿದರೆ ‘ಓ, ಚೌಕ’ ಅನ್ನುತ್ತಾರೆ. ಬಾಹುಗಳು ಅವೇ, ಕೋನಗಳೂ ಅವೇ. ತಿರುಗಿದ ಕೂಡಲೇ ಹೆಸರು ಬದಲಾಯಿತು.

ಈ ಮಕ್ಕಳು ದಡ್ಡರಲ್ಲ. ಪಾಠಪುಸ್ತಕದಲ್ಲಿ, ಬೋರ್ಡಿನಲ್ಲಿ, ಗೋಡೆಯ ಚಾರ್ಟಿನಲ್ಲಿ ಅವರು ನೋಡಿದ ಪ್ರತಿ ಚೌಕವೂ ನೆಟ್ಟಗೆ ಕೂತಿತ್ತು. ಪ್ರತಿ ತ್ರಿಭುಜದ ಪಾದವೂ ಕೆಳಗಿತ್ತು. ಅವರು ಕಲಿತದ್ದು ಆ ಚಿತ್ರವನ್ನು. ಆಕೃತಿಯ ಗುಣವನ್ನು ಕಲಿಯುವ ಅವಕಾಶವೇ ಸಿಗಲಿಲ್ಲ.

ಹಾಗಾಗಿ ಬರೀ ಚಿತ್ರ ತೋರಿಸಿದರೆ ಸಾಕಾಗುವುದಿಲ್ಲ. ಮಗು ಆಕೃತಿಯನ್ನು ತಿರುಗಿಸಬೇಕು, ಮಡಚಬೇಕು, ಎಳೆಯಬೇಕು, ಕತ್ತರಿಸಬೇಕು. ಪ್ರತಿ ಸಲವೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಏನು ಬದಲಾಯಿತು? ಏನು ಬದಲಾಗಲಿಲ್ಲ? ಈ ಎರಡು ಪ್ರಶ್ನೆಗಳೇ ಈ ಮಾರ್ಗದರ್ಶಿಯ ಜೀವ. ಮುಂದೆ ಹೇಳುವ ಎಲ್ಲ ಹೆಜ್ಜೆಗಳಲ್ಲೂ ಇವು ಮತ್ತೆ ಮತ್ತೆ ಬರುತ್ತವೆ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮದ ತರಗತಿಗಳಿಗೆ ಈ ವಿಧಾನ ಇನ್ನೂ ಒಂದು ಕಾರಣಕ್ಕೆ ಒಪ್ಪುತ್ತದೆ. ಒಂದೇ ಬೆಂಚಿನಲ್ಲಿ ಕೂತವರ ಮನೆಮಾತು ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಯಾವುದೂ ಇರಬಹುದು. ಪುಸ್ತಕದ ವ್ಯಾಖ್ಯೆ ಅರ್ಥವಾಗಲು ಅವರಿಗೆ ಸಮಯ ಬೇಕು. ಕೈಯಲ್ಲಿ ಹಿಡಿದ ಆಕೃತಿ ಎಲ್ಲರಿಗೂ ಒಟ್ಟಿಗೆ ಅರ್ಥವಾಗುತ್ತದೆ.

ಹೆಜ್ಜೆ 1: ಮಕ್ಕಳು ಏನು ನೋಡುತ್ತಿದ್ದಾರೆ ಅಂತ ಮೊದಲು ತಿಳಿಯಿರಿ

ಒಂದು ಹಾಳೆಯಲ್ಲಿ ಹತ್ತು ಹನ್ನೆರಡು ಆಕೃತಿ ಬರೆದು ಎಲ್ಲರಿಗೂ ಕೊಡಿ. ಓರೆ ಚೌಕ, ತಲೆಕೆಳಗಾದ ತ್ರಿಭುಜ, ಕಡ್ಡಿಯಷ್ಟು ಸಪುರದ ತ್ರಿಭುಜ, ಒಂದು ಬಾಹು ಸ್ವಲ್ಪ ಬಾಗಿದ ‘ತ್ರಿಭುಜ’, ಒಂದು ಮೂಲೆ ಕೂಡದೆ ಬಿಟ್ಟದ್ದು, ಉದ್ದನೆಯ ಆಯತ, ಸಮಾಂತರ ಚತುರ್ಭುಜ, ಮೊಟ್ಟೆಯಾಕಾರ ಎಲ್ಲ ಇರಲಿ. ತ್ರಿಭುಜಗಳಿಗೆ ಮಾತ್ರ ಗುರುತು ಹಾಕಲು ಹೇಳಿ. ಆಮೇಲೆ ಮುಖ್ಯವಾದ ಕೆಲಸ: ಯಾಕೆ ಅಂತ ಕೇಳಿ. ಸರಿ ಉತ್ತರ ಕೊಟ್ಟವರನ್ನೂ ಕೇಳಿ.

‘ನೋಡಿದರೆ ತ್ರಿಭುಜದ ಹಾಗೆ ಇದೆ’ ಅನ್ನುವ ಮಗು ಒಂದು ಹಂತದಲ್ಲಿದೆ. ‘ಮೂರು ನೇರ ಬಾಹು ಇದೆ, ಮುಚ್ಚಿಕೊಂಡಿದೆ’ ಅನ್ನುವ ಮಗು ಮುಂದಿನ ಹಂತದಲ್ಲಿದೆ. ‘ಚೌಕವೂ ಒಂದು ಆಯತವೇ, ಯಾಕೆಂದರೆ ಅದರ ನಾಲ್ಕೂ ಕೋನ ಲಂಬಕೋನ’ ಅನ್ನುವ ಮಗು ಅದಕ್ಕೂ ಮುಂದಿದೆ. ಡಚ್ ಶಿಕ್ಷಕ ದಂಪತಿ ಪಿಯೆರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ-ಗೆಲ್ಡಾಫ್ 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಗಳಲ್ಲಿ ವಿವರಿಸಿದ್ದು ಇಂಥ ಹಂತಗಳನ್ನೇ. ಅವರ ಮುಖ್ಯ ಮಾತು: ಹಂತ ಹಾರಲು ಆಗುವುದಿಲ್ಲ. ಶಿಕ್ಷಕ ಮೂರನೇ ಹಂತದ ಮಾತಾಡಿ, ಮಗು ಮೊದಲನೆಯದರಲ್ಲಿದ್ದರೆ ಇಬ್ಬರಿಗೂ ಪರಸ್ಪರ ಮಾತು ತಿಳಿಯುವುದಿಲ್ಲ. ಮಗು ಆಗ ಬಾಯಿಪಾಠಕ್ಕೆ ಇಳಿಯುತ್ತದೆ. ಪ್ರೌಢಶಾಲೆಯಲ್ಲಿ ಪ್ರಮೇಯ ಉರು ಹೊಡೆಯುವ ಮಕ್ಕಳನ್ನು ನೋಡಿದ್ದೇವಲ್ಲ, ಅದರ ಬೇರು ಎಷ್ಟೋ ಸಲ 5ನೇ ತರಗತಿಯಲ್ಲೇ ಇರುತ್ತದೆ.

ಈ ಹಾಳೆಗೆ ಅಂಕ ಕೊಡಬೇಡಿ. ಯಾರು ಯಾವ ಹಂತದಲ್ಲಿದ್ದಾರೆ ಅಂತ ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಸಾಕು.

ಹೆಜ್ಜೆ 2: ಹಿಡಿಸೂಡಿ ಕಡ್ಡಿಯಿಂದ ಆಕೃತಿ ಕಟ್ಟಿಸಿ

ನಮ್ಮೂರಲ್ಲಿ ತೆಂಗಿನ ಗರಿಯ ಕಡ್ಡಿಗೆ ಬರ ಇಲ್ಲ. ದಪ್ಪ ತುದಿಯ ಕಡೆಯಿಂದ 8 ಸೆಂ.ಮೀ., 10 ಸೆಂ.ಮೀ. ತುಂಡು ಮಾಡಿಸಿ. ಸೇರಿಸಲು ಸೈಕಲ್ ವಾಲ್ವ್ ಟ್ಯೂಬನ್ನು ಬೆರಳಿನ ಒಂದು ಗೆಣ್ಣಿನಷ್ಟು ತುಂಡು ಮಾಡಿ. ಎರಡು ಕಡೆಯಿಂದ ಕಡ್ಡಿ ತೂರಿಸಿದರೆ ಬಾಗುವ ಮೂಲೆ ಸಿದ್ಧ. ಅರವಿಂದ ಗುಪ್ತ ಅವರು ಬೆಂಕಿಕಡ್ಡಿ ಮತ್ತು ವಾಲ್ವ್ ಟ್ಯೂಬಿನಿಂದ ಆಟಿಕೆ ಮಾಡಿಸಿ ಇಂಥ ಮಾದರಿಗಳನ್ನು ದೇಶದ ತುಂಬ ಜನಪ್ರಿಯ ಮಾಡಿದವರು.

ಮೊದಲು ತ್ರಿಭುಜ ಮಾಡಿಸಿ. ಒತ್ತಲಿ, ಎಳೆಯಲಿ. ಅದು ಅಲ್ಲಾಡುವುದಿಲ್ಲ. ಈಗ ನಾಲ್ಕು ಸಮ ಕಡ್ಡಿಯಿಂದ ಚೌಕ. ಒಂದು ಮೂಲೆ ಹಿಡಿದು ಪಕ್ಕಕ್ಕೆ ದೂಡಿದರೆ ವಾಲಿ ವಜ್ರಾಕೃತಿ ಆಗುತ್ತದೆ. ಇಲ್ಲಿ ನಿಲ್ಲಿಸಿ, ನಮ್ಮ ಎರಡು ಪ್ರಶ್ನೆ ಕೇಳಿ.

ಏನು ಬದಲಾಗಲಿಲ್ಲ? ಬಾಹುಗಳ ಉದ್ದ ಬದಲಾಗಲಿಲ್ಲ. ಹಾಗಾಗಿ ಸುತ್ತಳತೆಯೂ ಅಷ್ಟೇ. ಎದುರು ಬಾಹುಗಳು ಈಗಲೂ ಸಮಾಂತರ. ಏನು ಬದಲಾಯಿತು? ಕೋನಗಳು. ಒಂದು ಕರ್ಣ ಉದ್ದವಾಯಿತು, ಇನ್ನೊಂದು ಗಿಡ್ಡವಾಯಿತು. ವಿಸ್ತೀರ್ಣ? ಈ ಪ್ರಶ್ನೆಗೆ ತರಗತಿ ಎರಡು ಪಾಲಾಗುತ್ತದೆ. ‘ಸುತ್ತಳತೆ ಅಷ್ಟೇ ಇರುವಾಗ ವಿಸ್ತೀರ್ಣವೂ ಅಷ್ಟೇ’ ಅನ್ನುವವರು ತುಂಬ ಮಂದಿ ಇರುತ್ತಾರೆ. ಅವರನ್ನು ತಿದ್ದಲು ಹೋಗಬೇಡಿ. ‘ಇನ್ನೂ ವಾಲಿಸು, ಇನ್ನೂ’ ಅನ್ನಿ. ಕಡ್ಡಿಗಳು ಒಂದರ ಮೇಲೊಂದು ಮಲಗುವ ತನಕ. ಒಳಗಿನ ಜಾಗವೇ ಮಾಯವಾದದ್ದನ್ನು ಅವರೇ ನೋಡುತ್ತಾರೆ. ಆ ಮೇಲೆ ಸುತ್ತಳತೆ, ವಿಸ್ತೀರ್ಣ ಎರಡೂ ಒಂದೇ ಅನ್ನುವ ತಪ್ಪು ತಿಳಿವಳಿಕೆ ಸುಲಭಕ್ಕೆ ಮರಳಿ ಬರುವುದಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರ ಕಣ್ಣು ತಪ್ಪಿಸುತ್ತದೆ. ಎಷ್ಟು ವಾಲಿಸಿದರೂ ಆ ಎರಡು ಕರ್ಣಗಳು ಲಂಬವಾಗಿಯೇ ಕತ್ತರಿಸುತ್ತವೆ. ಎದುರು ಮೂಲೆಗಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ತೋರಿಸಿ. 8ನೇ ತರಗತಿಗೆ ಇದು ಒಳ್ಳೆಯ ಪ್ರಶ್ನೆ: ಯಾಕೆ ಹೀಗೆ?

ಕೊನೆಗೆ ಒಂದು ಕರ್ಣಕ್ಕೆ ಕಡ್ಡಿ ಇಟ್ಟು ನೂಲಿನಿಂದ ಕಟ್ಟಿ. ಚೌಕ ಗಟ್ಟಿಯಾಯಿತು. ಈಗ ಮಕ್ಕಳನ್ನು ಹೊರಗೆ ಕಳಿಸಿ. ಹಂಚಿನ ಮಾಡಿನ ಅಡಿ, ಗೇಟು, ಮೊಬೈಲ್ ಟವರ್, ಕರೆಂಟಿನ ಟವರ್ ನೋಡಿ ಬರಲಿ. ಓರೆ ಪಟ್ಟಿ ಎಲ್ಲೆಲ್ಲಿ ಇದೆ, ಅದು ತೆಗೆದರೆ ಏನಾಗುತ್ತದೆ ಅಂತ ಬರೆದು ತರಲಿ.

ಇದೇ ಕಡ್ಡಿಗಳಲ್ಲಿ 3, 4, 8 ಸೆಂ.ಮೀ. ತುಂಡು ಕೊಟ್ಟು ತ್ರಿಭುಜ ಮಾಡಲು ಹೇಳಿ. ಕೂಡುವುದಿಲ್ಲ. 3, 5, 8 ಕೊಟ್ಟರೆ ಮಲಗಿಬಿಡುತ್ತದೆ. ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಜಾಸ್ತಿ ಇರಬೇಕು ಅನ್ನುವ ನಿಯಮವನ್ನು ನೀವು ಹೇಳಬೇಕಾಗಿಯೇ ಇಲ್ಲ.

ಹೆಜ್ಜೆ 3: ಒಂದು ತ್ರಿಭುಜ, ನಾಲ್ಕು ಮಡಿಕೆ

ತ್ರಿಭುಜದ ಮೂರು ಕೋನ ಹರಿದು ಜೋಡಿಸಿ 180 ಡಿಗ್ರಿ ತೋರಿಸುವುದು ಎಲ್ಲರಿಗೂ ಗೊತ್ತು. ನನಗೆ ಮಡಚುವ ವಿಧಾನ ಹೆಚ್ಚು ಇಷ್ಟ. ಕಾಗದ ಹಾಳಾಗುವುದಿಲ್ಲ, ಒಂದೇ ಕೆಲಸಕ್ಕೆ ಎರಡು ಪಾಠ ಸಿಗುತ್ತದೆ. ಅವಸರ ಮಾಡದೆ, ಒಂದು ಪೀರಿಯಡ್ ಪೂರ್ತಿ ಇದಕ್ಕೇ ಕೊಡಿ.

ಪ್ರತಿ ಮಗುವೂ ಬೇರೆ ಬೇರೆ ಆಕಾರದ ತ್ರಿಭುಜ ಕತ್ತರಿಸಲಿ. ಎಲ್ಲರದ್ದೂ ಒಂದೇ ಥರ ಇರಬಾರದು, ಇದು ಮುಖ್ಯ. ಅತಿ ಉದ್ದದ ಬಾಹುವನ್ನು ಕೆಳಗೆ ಇಟ್ಟುಕೊಳ್ಳಲಿ.

ಮೊದಲ ಮಡಿಕೆ: ಕೆಳಗಿನ ಬಾಹು ತನ್ನ ಮೇಲೆಯೇ ಕೂರುವಂತೆ, ಮಡಿಕೆಯ ಗೆರೆ ಮೇಲಿನ ತುದಿಯ ಮೂಲಕವೇ ಹೋಗುವಂತೆ ಮಡಚಿ. ಬಿಚ್ಚಿ. ಆ ಗೆರೆ ಕೆಳಗಿನ ಬಾಹುವನ್ನು ಮುಟ್ಟಿದ ಜಾಗಕ್ಕೆ ಪೆನ್ಸಿಲಿನಿಂದ ಚುಕ್ಕಿ ಇಡಿ. ಆ ಗೆರೆಯೇ ತ್ರಿಭುಜದ ಎತ್ತರ.

ಎರಡನೆಯದು: ಮೇಲಿನ ತುದಿಯನ್ನು ಇಳಿಸಿ ಆ ಚುಕ್ಕಿಗೆ ಮುಟ್ಟಿಸಿ, ಒತ್ತಿ.

ಮೂರನೆಯದು, ನಾಲ್ಕನೆಯದು: ಎಡ ಮೂಲೆ, ಬಲ ಮೂಲೆ ಎರಡನ್ನೂ ಅದೇ ಚುಕ್ಕಿಗೆ ತನ್ನಿ.

ಮೂರು ಕೋನಗಳು ಒಂದೇ ಚುಕ್ಕಿಯಲ್ಲಿ, ಸಂದು ಬಿಡದೆ, ನೇರ ಗೆರೆಯ ಮೇಲೆ ಕೂತವು. ಪಕ್ಕದವನ ತ್ರಿಭುಜ ಬೇರೆಯೇ ಇದ್ದರೂ ಅಲ್ಲೂ ಹಾಗೇ ಆಯಿತು. ಏನು ಬದಲಾಗಲಿಲ್ಲ ಅನ್ನುವ ಪ್ರಶ್ನೆಗೆ ಇಡೀ ತರಗತಿಯೇ ಉತ್ತರವಾಗುತ್ತದೆ.

ಇಷ್ಟಕ್ಕೇ ಬಿಡಬೇಡಿ. ಈಗ ಕೈಯಲ್ಲಿ ಉಳಿದದ್ದು ಏನು? ಒಂದು ಆಯತ. ಅದರ ಉದ್ದ ಪಾದದ ಅರ್ಧ, ಅಗಲ ಎತ್ತರದ ಅರ್ಧ. ಎಲ್ಲ ಕಡೆಯೂ ಸರಿಯಾಗಿ ಎರಡು ಪದರ ಕಾಗದ ಇದೆ. ಹಾಗಾದರೆ ತ್ರಿಭುಜದ ವಿಸ್ತೀರ್ಣ ಈ ಆಯತದ ಎರಡು ಪಟ್ಟು. ಲೆಕ್ಕ ಹಾಕಲಿ: ಪಾದ × ಎತ್ತರದ ಅರ್ಧ ಬರುತ್ತದೆ. ಸೂತ್ರದಲ್ಲಿರುವ ಆ ‘ಅರ್ಧ’ ಎಲ್ಲಿಂದ ಬಂತು ಅಂತ ಮಗುವಿನ ಬೆರಳಿಗೇ ಗೊತ್ತಾಯಿತು.

ಕೆಲವರು ಕೇಳುತ್ತಾರೆ, ಉದ್ದದ ಬಾಹುವನ್ನೇ ಯಾಕೆ ಕೆಳಗೆ ಇಡಬೇಕು? ಒಂದು ವಿಶಾಲಕೋನ ತ್ರಿಭುಜ ಕೊಟ್ಟು, ಗಿಡ್ಡ ಬಾಹು ಕೆಳಗಿಟ್ಟು ಮಡಚಲು ಹೇಳಿ. ಎತ್ತರದ ಗೆರೆ ಕಾಗದದಿಂದ ಹೊರಗೆ ಹೋಗುತ್ತದೆ. ತ್ರಿಭುಜದ ಹೊರಗೂ ಎತ್ತರ ಇರಬಹುದು ಅನ್ನುವುದನ್ನು ಬಾಯಲ್ಲಿ ಹೇಳಿ ಅರ್ಥ ಮಾಡಿಸುವುದು ಎಷ್ಟು ಕಷ್ಟ ಅಂತ ಕಲಿಸಿದವರಿಗೇ ಗೊತ್ತು. ಇಲ್ಲಿ ಅದು ತಾನಾಗಿ ಎದುರು ಬಂತು.

ಹೆಜ್ಜೆ 4: ಹಾಳೆತಟ್ಟೆಯ ವೃತ್ತ

ಅಡಿಕೆ ಹಾಳೆಯ ತಟ್ಟೆಗಳು ಬೇರೆ ಬೇರೆ ಅಳತೆಯಲ್ಲಿ ಸಿಗುತ್ತವೆ. ದೊಡ್ಡ ಊಟದ ತಟ್ಟೆ, ತಿಂಡಿಯ ಸಣ್ಣ ತಟ್ಟೆ, ಎರಡರ ಅಂಚಿಗೂ ನೂಲು ಸುತ್ತಿಸಿ. ಸುತ್ತಿದ ನೂಲನ್ನು ತಟ್ಟೆಯ ಅಡ್ಡಕ್ಕೆ ಹಿಡಿದರೆ ಮೂರು ಸಲ ಬಂದು ಸ್ವಲ್ಪ ಉಳಿಯುತ್ತದೆ. ದೊಡ್ಡದಕ್ಕೂ ಹಾಗೇ, ಸಣ್ಣದಕ್ಕೂ ಹಾಗೇ. ಎಷ್ಟು ಉಳಿಯುತ್ತದೆ ಅಂತ ಅಳೆದು ಭಾಗಿಸಲಿ. 3.1, 3.2 ಹೀಗೆ ಬರುತ್ತದೆ, ಇಷ್ಟು ಸಾಕು. ಇದೇ ಪೈ (π). ಆರ್ಯಭಟ ಕ್ರಿ.ಶ. 499ರಲ್ಲೇ 20,000 ವ್ಯಾಸಕ್ಕೆ 62,832 ಪರಿಧಿ ಅಂತ ಹೇಳಿದ್ದ, ಅಂದರೆ 3.1416. ಹದಿನಾಲ್ಕನೇ ಶತಮಾನದಲ್ಲಿ ಕೇರಳದವನೇ ಆದ ಸಂಗಮಗ್ರಾಮದ ಮಾಧವ ಇದಕ್ಕೆ ಮುಗಿಯದ ಶ್ರೇಣಿಯನ್ನೇ ಕೊಟ್ಟ. ಮಕ್ಕಳಿಗೆ ಈ ಎರಡು ಹೆಸರು ಹೇಳಿ, ಅವರಿಗೆ ಹೆಮ್ಮೆ ಅನಿಸುತ್ತದೆ.

ವಿಸ್ತೀರ್ಣಕ್ಕೆ ತಟ್ಟೆ ಬೇಡ, ಕಾಗದದ ವೃತ್ತ ಸಾಕು. 16 ಸಮ ಹೋಳು ಮಾಡಿ, ಒಂದು ಮೇಲ್ಮುಖ ಒಂದು ಕೆಳಮುಖವಾಗಿ ಸಾಲಾಗಿ ಜೋಡಿಸಿ. ಹೆಚ್ಚುಕಡಿಮೆ ಆಯತ ಸಿಗುತ್ತದೆ. ಉದ್ದ ಪರಿಧಿಯ ಅರ್ಧ, ಅಗಲ ತ್ರಿಜ್ಯ. ‘32 ಹೋಳು ಮಾಡಿದರೆ? 100 ಮಾಡಿದರೆ?’ ಅಂತ ಕೇಳಿ, ಉತ್ತರ ಕಣ್ಣು ಮುಚ್ಚಿ ಹೇಳಲಿ.

ಹೆಜ್ಜೆ 5: ತೋಟಕ್ಕೆ, ಮೈದಾನಕ್ಕೆ ಇಳಿಯಿರಿ

ಮನೆಗೆ ಪಂಚಾಂಗ (ಅಡಿಪಾಯ) ಹಾಕುವಾಗ ಮೇಸ್ತ್ರಿ ಮೂಲೆ ಹೇಗೆ ಹಿಡಿಯುತ್ತಾರೆ ಅಂತ ಮಕ್ಕಳು ವಿಚಾರಿಸಿ ಬರಲಿ. ಒಂದು ಗೆರೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ, ನಡುವಿನ ಓರೆ ಸರಿಯಾಗಿ 5 ಅಡಿ ಬರುವ ತನಕ ದಾರ ಸರಿಸುತ್ತಾರೆ. ದೊಡ್ಡ ಕೋಣೆಗೆ 6, 8, 10. ಪೈಥಾಗೊರಸ್ ಪ್ರಮೇಯದ ವಿಲೋಮ ಇದು. ಕೆಂಪುಕಲ್ಲಿನ ಗೋಡೆ ಕಟ್ಟುವವರ ಕೈಯಲ್ಲಿ ದಿನಾ ಓಡಾಡುತ್ತಿದೆ.

ಹಗ್ಗದಲ್ಲಿ ಸಮ ಅಂತರಕ್ಕೆ ಗಂಟು ಹಾಕಿ 12 ಭಾಗ ಮಾಡಿ, ತುದಿಗಳನ್ನು ಸೇರಿಸಿ. ಮೂವರು ಮಕ್ಕಳು 3, 4, 5 ಭಾಗ ಬರುವಂತೆ ಹಿಡಿದು ಎಳೆದರೆ ಮೈದಾನದಲ್ಲಿ ಲಂಬಕೋನ ಎದ್ದು ನಿಲ್ಲುತ್ತದೆ. ಮತ್ತೆ 13 ಭಾಗದ ಹಗ್ಗದಲ್ಲಿ ಎರಡು ಪ್ರಯೋಗ: 3, 4, 6 ಮತ್ತು 4, 4, 5. ಹಗ್ಗ ಎಳೆಯುವ ಮೊದಲು ಊಹೆ ಕೇಳಿ. 3, 4, 6ರಲ್ಲಿ ದೊಡ್ಡ ಕೋನ ತೆರೆದು ವಿಶಾಲವಾಗುತ್ತದೆ, 4, 4, 5ರಲ್ಲಿ ಮುಚ್ಚಿ ಲಘುವಾಗುತ್ತದೆ. ಆಮೇಲೆ ವರ್ಗಗಳನ್ನು ಕೂಡಿಸಿ ಹೋಲಿಸಲಿ.

ತೆಂಗಿನ ಸಸಿ ನೆಡುವ ಲೆಕ್ಕ 9 ಮತ್ತು 10ನೇ ತರಗತಿಗೆ ಬಹಳ ಒಳ್ಳೆಯದು. ಸಾಮಾನ್ಯವಾಗಿ ಶಿಫಾರಸು ಮಾಡುವ ಅಂತರ 7.5 ಮೀಟರ್. ಚೌಕ ಪದ್ಧತಿಯಲ್ಲಿ ನೆಟ್ಟರೆ ಒಂದು ಮರಕ್ಕೆ 56.25 ಚದರ ಮೀಟರ್ ಜಾಗ. ತ್ರಿಕೋನ ಪದ್ಧತಿಯಲ್ಲಿ ನೆಟ್ಟರೆ ಮರದಿಂದ ಮರಕ್ಕೆ ಅದೇ 7.5 ಮೀಟರ್, ಆದರೆ ಸಾಲಿನಿಂದ ಸಾಲಿಗೆ ಸುಮಾರು 6.5 ಮೀಟರ್ ಮಾತ್ರ. ಒಂದು ಮರಕ್ಕೆ ಸುಮಾರು 48.7 ಚದರ ಮೀಟರ್ ಸಾಕು. ಹೆಕ್ಟೇರಿಗೆ 177ರ ಬದಲು ಸುಮಾರು 205 ಮರ ಹಿಡಿಯುತ್ತದೆ. ಅಂತರ ಒಂದಿಷ್ಟೂ ಕಡಿಮೆ ಮಾಡದೆ ಶೇಕಡಾ 15ರಷ್ಟು ಜಾಸ್ತಿ! ಲೆಕ್ಕಕ್ಕೆ ಮೊದಲು ಕೇರಂ ಬೋರ್ಡಿನ ಬಿಲ್ಲೆಗಳನ್ನು ಎರಡು ಥರ ಜೋಡಿಸಲಿ. ಚೌಕ ಜೋಡಣೆಯಲ್ಲಿ ನಡುವೆ ಉಳಿಯುವ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ. ಅಡಿಕೆಗೆ 2.7 ಮೀಟರ್ ಅಂತರ ಇಟ್ಟು ಮನೆಯಲ್ಲಿ ಮಾಡಿ ತರಲು ಹೇಳಿ. ಶೇಕಡಾವಾರು ಹೆಚ್ಚಳ ಬದಲಾಗುತ್ತದೆಯೇ? ಇಲ್ಲ. ಯಾಕೆ ಇಲ್ಲ ಅನ್ನುವ ಚರ್ಚೆಯಲ್ಲೇ ಸಮರೂಪತೆಯ ಪಾಠ ಅಡಗಿದೆ. ಅನುಕೂಲವಿದ್ದರೆ ಕಾಸರಗೋಡಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ತೋಟವನ್ನು ಒಮ್ಮೆ ತೋರಿಸಿ ಬನ್ನಿ, ಅಷ್ಟು ಅಚ್ಚುಕಟ್ಟಾದ ಸಾಲುಗಳು ಬೇರೆ ಕಡೆ ಸಿಗುವುದು ಕಷ್ಟ.

ಮರದ ಎತ್ತರಕ್ಕೆ ನೆರಳಿನ ವಿಧಾನ. 1 ಮೀಟರ್ ಕೋಲಿನ ನೆರಳು 60 ಸೆಂ.ಮೀ., ಅದೇ ಹೊತ್ತಿಗೆ ಕಂಗಿನ (ಅಡಿಕೆ ಮರದ) ನೆರಳು 7.2 ಮೀಟರ್ ಇದ್ದರೆ ಕಂಗಿನ ಎತ್ತರ 12 ಮೀಟರ್. ನಮ್ಮಲ್ಲಿ ಗುಡ್ಡ ಜಾಸ್ತಿ, ಆದ್ದರಿಂದ ನೆರಳು ಸಮತಟ್ಟಿನಲ್ಲಿ ಬೀಳುವ ಮರವನ್ನೇ ಆರಿಸಿ. ಜೂನಿನಲ್ಲಿ ಶಾಲೆ ಶುರುವಾದರೆ ತಿಂಗಳುಗಟ್ಟಲೆ ಮಳೆ, ನೆರಳೇ ಇರುವುದಿಲ್ಲ. ಇದನ್ನು ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ. ಮೋಡದ ದಿನಕ್ಕೆ 45 ಡಿಗ್ರಿಯ ಮೂಲೆಮಟ್ಟ (ಸೆಟ್ ಸ್ಕ್ವೇರ್) ಇದೆ. ಒಂದು ಗಿಡ್ಡ ಬಾಹು ನೆಲಕ್ಕೆ ಸಮಾಂತರವಾಗಿರಲಿ. ಉದ್ದದ ಬಾಹುವಿನ ಗುಂಟ ಕಣ್ಣಿಟ್ಟಾಗ ಮರದ ತುದಿ ಕಾಣುವ ತನಕ ಹಿಂದೆ ನಡೆಯಿರಿ. ಅಲ್ಲಿಂದ ಬುಡಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ.

ಹೆಜ್ಜೆ 6: ಕಣ್ಣು ಮುಚ್ಚಿಸಿ

ದಿನಕ್ಕೆ ಐದು ನಿಮಿಷ ಸಾಕು. ಪೆನ್ಸಿಲ್ ಕೆಳಗಿಡಲಿ, ಕಣ್ಣು ಮುಚ್ಚಲಿ. ನಿಧಾನಕ್ಕೆ ಹೇಳಿ: ‘ಒಂದು ಚೌಕ. ಪ್ರತಿ ಬಾಹುವಿನ ನಡುವಿಗೆ ಒಂದು ಚುಕ್ಕಿ. ನಾಲ್ಕು ಚುಕ್ಕಿ ಸೇರಿಸಿ. ಒಳಗೆ ಏನು ಕಂಡಿತು? ಹೊರಗಿನದರ ಎಷ್ಟು ಪಾಲು?’ ಒಳಗೆ ಓರೆ ಚೌಕ, ಅರ್ಧ ಪಾಲು. ಮರುದಿನ ಅದನ್ನೇ ಆಯತದಿಂದ ಶುರು ಮಾಡಿ, ಆಗ ಒಳಗೆ ವಜ್ರಾಕೃತಿ ಸಿಗುತ್ತದೆ. ಇನ್ನೊಂದು ದಿನ ಮನಸ್ಸಿಗೆ ಬಂದ ಯಾವುದೇ ಚತುರ್ಭುಜ. ಈಗ ಕಣ್ಣು ಮುಚ್ಚಿ ಹೇಳುವುದು ಕಷ್ಟ, ಬರೆದೇ ನೋಡಲಿ. ಎಂಥ ಸೊಟ್ಟ ಚತುರ್ಭುಜ ಬರೆದರೂ ಒಳಗೆ ಸಮಾಂತರ ಚತುರ್ಭುಜವೇ! ಇದು ಫ್ರಾನ್ಸಿನ ವಾರಿನ್ಯೋನ್ ಕಂಡುಕೊಂಡ ಪ್ರಮೇಯ, 1731ರಲ್ಲಿ ಪ್ರಕಟವಾಯಿತು.

ಘನಾಕೃತಿಗೆ ಬಂದರೆ: ಹೊರಗೆಲ್ಲ ಬಣ್ಣ ಬಳಿದ ಘನವನ್ನು 27 ಸಮ ಘನಗಳಾಗಿ ಕತ್ತರಿಸಿದರೆ ಮೂರು ಮುಖಕ್ಕೆ ಬಣ್ಣ ಇರುವವು ಎಷ್ಟು? 8. ಎರಡು ಮುಖಕ್ಕೆ 12, ಒಂದಕ್ಕೆ 6, ಬಣ್ಣವೇ ಇಲ್ಲದ್ದು ನಟ್ಟನಡುವಿನ 1. ಬಟಾಟೆಯನ್ನು ಘನದ ಆಕಾರಕ್ಕೆ ಕೊಯ್ದು ಮೂಲೆ ಕತ್ತರಿಸಿದರೆ ತ್ರಿಭುಜ ಕಾಣುತ್ತದೆ. ಸರಿಯಾದ ಆರು ಅಂಚುಗಳ ಮಧ್ಯಬಿಂದುಗಳ ಮೂಲಕ ಓರೆಯಾಗಿ ಕತ್ತರಿಸಿದರೆ ಷಡ್ಭುಜ ಸಿಗುತ್ತದೆ. ಮಕ್ಕಳು ಇದನ್ನು ಮೊದಲು ನಂಬುವುದೇ ಇಲ್ಲ. ಬಿಚ್ಚಿದ ಘನ ಎಷ್ಟು ಥರ ಇರಬಹುದು ಅಂತ ಹುಡುಕಲು ಚೌಕಳಿ ಕಾಗದ ಕೊಡಿ. 11 ಇದೆ. ಎಲ್ಲವನ್ನೂ ಒಂದೇ ದಿನ ಹುಡುಕಬೇಕಾಗಿಲ್ಲ, ಗೋಡೆಗೆ ಒಂದೊಂದಾಗಿ ಅಂಟಿಸುತ್ತಾ ಹೋಗಲಿ.

ಮೇಲಿನ ನೋಟ, ಮುಂದಿನ ನೋಟ, ಪಕ್ಕದ ನೋಟ ಕಲಿಸಲು ನಮ್ಮ ಕಟ್ಟಡಗಳೇ ಇವೆ. ಮಧೂರು ದೇವಸ್ಥಾನದ ಗಜಪೃಷ್ಠ (ಆನೆಯ ಬೆನ್ನಿನಾಕಾರದ) ಗೋಪುರವನ್ನು ಮುಂದಿನಿಂದ ನೋಡಿದರೆ ಒಂದು, ಹಿಂದಿನಿಂದ ನೋಡಿದರೆ ಇನ್ನೊಂದು. ಮೇಲಿನಿಂದ ಹೇಗೆ ಕಾಣಬಹುದು ಅಂತ ಮಕ್ಕಳು ಊಹಿಸಿ ಬರೆಯಲಿ. ಬೇಕಲ ಕೋಟೆಯನ್ನು ಉಪಗ್ರಹ ನಕ್ಷೆಯಲ್ಲಿ ತೋರಿಸಿ.

ಹೆಜ್ಜೆ 7: ಮೊದಲು ಗುಂಡುಸೂಜಿ, ಆಮೇಲೆ ಜಿಯೋಜಿಬ್ರಾ

ರಟ್ಟಿನ ಮೇಲೆ ಕಾಗದ ಇಟ್ಟು 10 ಸೆಂ.ಮೀ. ಅಂತರದಲ್ಲಿ ಎರಡು ಗುಂಡುಸೂಜಿ ಚುಚ್ಚಿ. ಇನ್ನೊಂದು ಕಾಗದದ ಮೂಲೆಯನ್ನು ಅವುಗಳ ನಡುವೆ ತೂರಿಸಿ, ಮೂಲೆಯ ಎರಡೂ ಅಂಚುಗಳು ಸೂಜಿಗಳಿಗೆ ತಾಗಿರಲಿ. ಮೂಲೆ ಇರುವಲ್ಲಿ ಚುಕ್ಕಿ ಇಡಿ. ಕಾಗದವನ್ನು ಸ್ವಲ್ಪ ತಿರುಗಿಸಿ, ಮತ್ತೆ ಚುಕ್ಕಿ. ಇಪ್ಪತ್ತು ಚುಕ್ಕಿ ಆಗುವ ಹೊತ್ತಿಗೆ ಅರ್ಧವೃತ್ತ ಮೂಡಿರುತ್ತದೆ. ಯಾರೂ ಕೈವಾರ ಮುಟ್ಟಿಲ್ಲ! ಈಗ ಕಾಗದದ ಬದಲು ಮೂಲೆಮಟ್ಟದ 60 ಡಿಗ್ರಿಯ ಮೂಲೆ ತೂರಿಸಿದರೆ? ಇನ್ನೂ ದೊಡ್ಡ ಕಂಸ ಬರುತ್ತದೆ.

ಇಷ್ಟು ಕೈಯಲ್ಲಿ ಆದ ಮೇಲೆಯೇ ಕಂಪ್ಯೂಟರ್ ತೆರೆಯಿರಿ. ರೇಖಾಗಣಿತದ ತಂತ್ರಾಂಶವಾದ ಜಿಯೋಜಿಬ್ರಾವನ್ನು ಮಾರ್ಕಸ್ ಹೊಹೆನ್‌ವಾರ್ಟರ್ ಅವರು 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಶುರು ಮಾಡಿದರು. ಕೇರಳದ ಶಾಲೆಗಳಿಗೆ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ‘ಕೈಟ್’ ಕೊಟ್ಟಿರುವ ಲ್ಯಾಪ್‌ಟಾಪುಗಳಲ್ಲಿ ಇದು ಇದ್ದೇ ಇರುತ್ತದೆ, ಮೊಬೈಲಿಗೂ ಉಚಿತವಾಗಿ ಸಿಗುತ್ತದೆ. ಒಂದು ರೇಖಾಖಂಡ ಎಬಿ, ಅದೇ ವ್ಯಾಸವಾಗಿ ವೃತ್ತ, ವೃತ್ತದ ಮೇಲೆ ಸಿ ಬಿಂದು. ಎಸಿ, ಬಿಸಿ ಸೇರಿಸಿ ಕೋನ ಅಳೆಯಿರಿ. ಸಿ ಬಿಂದುವನ್ನು ಎಳೆದರೆ ತ್ರಿಭುಜ ಕುಣಿಯುತ್ತದೆ, 90 ಡಿಗ್ರಿ ಮಾತ್ರ ಅಲ್ಲಾಡುವುದಿಲ್ಲ. ಈಗ ಎಲ್ಲಿ ಬೇಕಾದರೂ ಓಡಾಡಬಲ್ಲ ಇನ್ನೊಂದು ಬಿಂದು ಇಟ್ಟು ಅದೇ ಕೋನ ಅಳೆಯಿರಿ. ವೃತ್ತದ ಒಳಗೆ ತಂದರೆ? ಹೊರಗೆ ಒಯ್ದರೆ? ಎಳೆಯುವ ಮೊದಲೇ ಪ್ರತಿ ಮಗುವೂ ತನ್ನ ಊಹೆಯನ್ನು ಪುಸ್ತಕದಲ್ಲಿ ಬರೆಯಬೇಕು, ಈ ನಿಯಮ ಸಡಿಲ ಮಾಡಬೇಡಿ. ಊಹೆ ಇಲ್ಲದೆ ಪರದೆ ನೋಡಿದರೆ ಅದು ಸುಮ್ನೆ ಟಿವಿ ನೋಡಿದ ಹಾಗೆ. ಒಳಗೆ 90ಕ್ಕಿಂತ ಜಾಸ್ತಿ, ಹೊರಗೆ ಕಡಿಮೆ. 10ನೇ ತರಗತಿಯ ವೃತ್ತಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬುನಾದಿ ಬೇಡ.

ಇನ್ನೊಂದು ಕೆಲಸ: ಚೌಕ ರಚಿಸಿ, ಆದರೆ ಯಾವ ಮೂಲೆ ಹಿಡಿದು ಎಳೆದರೂ ಅದು ಚೌಕವಾಗಿಯೇ ಉಳಿಯಬೇಕು. ಕಣ್ಣಂದಾಜಿನಲ್ಲಿ ನಾಲ್ಕು ಬಿಂದು ಇಟ್ಟವರದ್ದು ಎಳೆದ ಕೂಡಲೇ ಕೆಡುತ್ತದೆ. ಲಂಬ ರೇಖೆ, ವೃತ್ತ ಬಳಸಿ ಕಟ್ಟಿದವರದ್ದು ಉಳಿಯುತ್ತದೆ. ‘ಬರೆಯುವುದು’ ಬೇರೆ, ‘ರಚಿಸುವುದು’ ಬೇರೆ ಅಂತ ಆಗ ತಿಳಿಯುತ್ತದೆ.

ಹೆಜ್ಜೆ 8: ಚಿತ್ರ ಮೋಸ ಮಾಡುತ್ತದೆ ಅಂತಲೂ ತೋರಿಸಿ

ಇದನ್ನು ಬಿಟ್ಟರೆ ಇಷ್ಟು ಹೊತ್ತು ಮಾಡಿದ್ದು ಅರ್ಧವೇ. ಕಣ್ಣಿಗೆ ಕಂಡದ್ದೆಲ್ಲ ನಿಜ ಅಂತ ಮಗು ನಂಬಿಬಿಟ್ಟರೆ ಸಾಧನೆ (ಪ್ರೂಫ್) ಯಾಕೆ ಬೇಕು ಅಂತಲೇ ಅದಕ್ಕೆ ಅನಿಸುವುದಿಲ್ಲ.

8×8 ಚೌಕಳಿ ಕಾಗದ ತೆಗೆದುಕೊಳ್ಳಿ. 8×3 ಮತ್ತು 8×5 ಆಗಿ ಕತ್ತರಿಸಿ. 8×3 ತುಂಡನ್ನು ಕರ್ಣದ ಗುಂಟ ಎರಡು ಮಾಡಿ. 8×5 ತುಂಡಿನ ಮೇಲಿನ ಬಾಹುವಿನಲ್ಲಿ ಎಡದಿಂದ 5ಕ್ಕೆ, ಕೆಳಗಿನ ಬಾಹುವಿನಲ್ಲಿ ಎಡದಿಂದ 3ಕ್ಕೆ ಗುರುತು ಹಾಕಿ, ಆ ಓರೆ ಗೆರೆಯಲ್ಲಿ ಕತ್ತರಿಸಿ. ನಾಲ್ಕು ತುಂಡಾಯಿತು. ಇವನ್ನು ತಿರುಗಿಸಿ ಮುರುಗಿಸಿ ಜೋಡಿಸಿದರೆ 13×5 ಆಯತ ಆಗುತ್ತದೆ. 64 ಮನೆಗಳ ಕಾಗದ 65 ಆಯಿತು!

ತರಗತಿಯಲ್ಲಿ ಗದ್ದಲ ಏಳಲಿ. ಉತ್ತರ ಹೇಳಬೇಡಿ, ಮನೆಗೆ ಕೊಟ್ಟು ಕಳಿಸಿ. ಮರುದಿನ ಓರೆಗಳನ್ನು ಅಳೆಯಿಸಿ. ತ್ರಿಭುಜದ ಓರೆ 8ಕ್ಕೆ 3, ಅಂದರೆ 0.375. ಇನ್ನೆರಡು ತುಂಡುಗಳ ಓರೆ 5ಕ್ಕೆ 2, ಅಂದರೆ 0.4. ಎರಡೂ ಒಂದೇ ಅಲ್ಲ. ಹಾಗಾಗಿ ಆಯತದ ಕರ್ಣ ಅಂತ ಕಂಡದ್ದು ನೇರ ಗೆರೆಯೇ ಅಲ್ಲ, ಅಲ್ಲಿ ಕೂದಲೆಳೆಯಂಥ ಸಂದು ಇದೆ. ಆ ಸಂದಿನ ವಿಸ್ತೀರ್ಣ ಸರಿಯಾಗಿ 1.

ಈಗ ಪೈಥಾಗೊರಸ್‌ಗೆ ಬನ್ನಿ. 6, 8, 10 ಸೆಂ.ಮೀ. ಬಾಹುಗಳ ನಾಲ್ಕು ರಟ್ಟಿನ ತ್ರಿಭುಜ, 14 ಸೆಂ.ಮೀ. ಬಾಹುವಿನ ಒಂದು ಚೌಕ ಚೌಕಟ್ಟು. ತ್ರಿಭುಜಗಳನ್ನು ನಾಲ್ಕು ಮೂಲೆಗೆ ಇಟ್ಟರೆ ನಡುವೆ ಓರೆಯಾಗಿ 10ರ ಚೌಕ ಖಾಲಿ ಉಳಿಯುತ್ತದೆ. ಅವನ್ನೇ ಎರಡೆರಡು ಜೋಡಿಸಿ ಎರಡು ಆಯತ ಮಾಡಿ ಎದುರು ಬದುರು ಮೂಲೆಗೆ ಸರಿಸಿದರೆ 6ರ ಚೌಕ, 8ರ ಚೌಕ ಖಾಲಿ ಉಳಿಯುತ್ತವೆ. ಚೌಕಟ್ಟು ಅದೇ, ತ್ರಿಭುಜಗಳೂ ಅವೇ. ಹಾಗಾದರೆ ಖಾಲಿ ಜಾಗವೂ ಅಷ್ಟೇ ಇರಬೇಕು, ಅಲ್ವಾ?

ಇಲ್ಲಿ ನಿನ್ನೆಯ ಮೋಸವನ್ನು ನೆನಪಿಸಿ. ‘ನಡುವಿನದು ಚೌಕವೇ ಅಂತ ಹೇಗೆ ಗೊತ್ತು? ಚೌಕದ ಹಾಗೆ ಕಾಣುತ್ತದೆ ಅಷ್ಟೇ ಆದರೆ?’ ನಾಲ್ಕು ಬಾಹು ಸಮ ಇವೆ, ಸರಿ. ಆದರೆ ಹಿಡಿಸೂಡಿ ಕಡ್ಡಿಯ ಚೌಕ ವಾಲಿದಾಗಲೂ ಬಾಹುಗಳು ಸಮವೇ ಇದ್ದವು. ಕೋನ ನೋಡಬೇಕು. ಚೌಕಟ್ಟಿನ ಅಂಚಿನಲ್ಲಿ ಮೂರು ಕೋನ ಒಟ್ಟಿಗೆ 180. ಅವುಗಳಲ್ಲಿ ಎರಡು ತ್ರಿಭುಜದ ಲಘುಕೋನಗಳು, ಅವು ಸೇರಿ 90. ಉಳಿದದ್ದು 90. ಮಡಿಕೆಯಲ್ಲಿ ಕಂಡ 180, ಕಡ್ಡಿಯಲ್ಲಿ ಕಲಿತ ವಜ್ರಾಕೃತಿ, ಎರಡೂ ಇಲ್ಲಿ ಕೆಲಸಕ್ಕೆ ಬಂದವು. ಈ ವಾದವನ್ನು 6, 8, 10ರ ಹೆಸರೆತ್ತದೆ ಯಾವುದೇ ಲಂಬಕೋನ ತ್ರಿಭುಜಕ್ಕೆ ಹೇಳಲು ಬಂದರೆ ಮಗು ಸಾಧನೆ ಬರೆಯಲು ತಯಾರಾಗಿದೆ ಅಂತ ಅರ್ಥ. ಅಂದ ಹಾಗೆ, ಮಡಚಿ ತೋರಿಸಿದ 180ಕ್ಕೂ ಇದೇ ಪ್ರಶ್ನೆ ಕೇಳಿ. 179 ಇದ್ದರೂ ಕಣ್ಣಿಗೆ ಗೊತ್ತಾಗುತ್ತಿತ್ತೇ? ತುದಿಯ ಮೂಲಕ ಪಾದಕ್ಕೆ ಸಮಾಂತರ ಗೆರೆ ಎಳೆದು ಸಾಧಿಸುವ ಕ್ರಮಕ್ಕೆ ಆಗ ಬೆಲೆ ಬರುತ್ತದೆ.

ಮಾತು ಮತ್ತು ಮೌಲ್ಯಮಾಪನ

ಇಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ. ಒಬ್ಬಳ ಕೈಯಲ್ಲಿ ಚಿತ್ರ, ಇನ್ನೊಬ್ಬಳ ಕೈಯಲ್ಲಿ ಖಾಲಿ ಹಾಳೆ. ಮೊದಲನೆಯವಳು ಬಾಯಲ್ಲಿ ಹೇಳಿದ್ದನ್ನೇ ಎರಡನೆಯವಳು ಬರೆಯಬೇಕು. ಮೊದಲ ಸುತ್ತು ತುಳುವಿನಲ್ಲೋ ಮಲಯಾಳದಲ್ಲೋ ನಡೆಯಲಿ, ತಡೆಯಬೇಡಿ. ಎರಡನೇ ಸುತ್ತಿಗೆ ಪಾಠಪುಸ್ತಕದ ಕನ್ನಡ ಪದಗಳು. ಯೋಚನೆ ಆಗಲೇ ಸ್ಪಷ್ಟವಾಗಿರುವುದರಿಂದ ಪದ ಬೇಗ ಕೂರುತ್ತದೆ.

ದೃಷ್ಟಿ ಕಡಿಮೆ ಇರುವ ಮಗು ತರಗತಿಯಲ್ಲಿದ್ದರೆ ಆಕೃತಿಗಳನ್ನು ದಪ್ಪ ನೂಲಿನಿಂದ ರಟ್ಟಿಗೆ ಅಂಟಿಸಿ ಕೊಡಿ. ಮೂಲೆಗಳಿಗೆ ಒಂದೊಂದು ಮಣಿ ಇರಲಿ. ಕಡ್ಡಿಯ ಮಾದರಿ, ಮಡಿಕೆ, ಹಗ್ಗ ಎಲ್ಲವೂ ಮುಟ್ಟಿ ಕಲಿಯುವಂಥವೇ, ಆ ಮಗುವನ್ನು ಬೇರೆ ಕೂರಿಸುವ ಅಗತ್ಯ ಬರುವುದಿಲ್ಲ.

ಪರೀಕ್ಷೆಯಲ್ಲಿ ‘ವಿಸ್ತೀರ್ಣ ಕಂಡುಹಿಡಿಯಿರಿ’ ಜೊತೆಗೆ ಇಂಥ ಒಂದೆರಡು ಪ್ರಶ್ನೆ ಸೇರಿಸಿ: ಸುತ್ತಳತೆ ಬದಲಾಗದೆ ವಿಸ್ತೀರ್ಣ ಅರ್ಧವಾಗುವಂತೆ ಚೌಕವನ್ನು ವಾಲಿಸಬಹುದೇ? ಒಂದೇ ಪಾದದ ಮೇಲೆ ಒಂದೇ ವಿಸ್ತೀರ್ಣದ ಮೂರು ಬೇರೆ ಬೇರೆ ತ್ರಿಭುಜ ಬರೆಯಿರಿ. ಎತ್ತರ ಹೊರಗೆ ಬೀಳುವ ತ್ರಿಭುಜವೊಂದನ್ನು ಬರೆದು ಎತ್ತರ ತೋರಿಸಿ. ಉತ್ತರದಲ್ಲಿ ತ್ರಿಭುಜಗಳು ಮತ್ತೂ ನೆಟ್ಟಗೆ, ಪಾದ ಕೆಳಗಾಗಿಯೇ ಬಂದರೆ ಆ ಮಗುವಿಗೆ ಎರಡನೇ ಹೆಜ್ಜೆಯ ಕಡ್ಡಿಗಳನ್ನು ಮತ್ತೆ ಕೊಡಿ. ಬೇರೆ ಮಕ್ಕಳು ಮುಂದೆ ಹೋಗಿದ್ದರೂ ಪರವಾಗಿಲ್ಲ, ಅದಕ್ಕೆ ಬೇಕಾದಷ್ಟು ದಿನ ಕೈಯಲ್ಲೇ ಇಟ್ಟುಕೊಳ್ಳಲಿ.